ತೆಗೆದ ಫೋಟೊ, ತೆಗೆಸಿಕೊಂಡ ಫೋಟೊ

ಕಳೆದ ವರ್ಷ ಮಳೆಗಾಲ ಮುಗಿಯುತ್ತ ಬಂದಿದ್ದ ಒಂದು ಬೆಳಿಗ್ಗೆ, ಸ್ಟುಡಿಯೊ ಬಾಗಿಲು ತೆಗೆದು ಕಸ ಗುಡಿಸುತ್ತಿದ್ದಾಗ ಫೋನ್ ಬಂತು. ಗೊತ್ತಿಲ್ಲದ ನಂಬರು. ಯಾವುದೋ ಮದುವೆ ಆರ್ಡರ್ ಇರಬೇಕೆಂದು ಎತ್ತಿದೆ.

"ಸಾರ್, ನೀವು ಫೋಟೊ ಸ್ಟುಡಿಯೊದವ್ರಲ್ವಾ?"

"ಹೌದು, ಹೇಳಿ."

"ನಮ್ಮಮ್ಮನ ಫೋಟೊ ಎಷ್ಟಕ್ಕೆ ಮಾರಿದ್ರಿ ಸಾರ್?"

ಆ ದನಿಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಅಳು ಇತ್ತು. ನನಗೆ ತಲೆಬುಡ ತಿಳಿಯಲಿಲ್ಲ. ಐದು ನಿಮಿಷದಲ್ಲಿ ವಾಟ್ಸಾಪಿಗೆ ಒಂದು ಚಿತ್ರ ಬಂತು. ಬೇರೊಂದು ಜಿಲ್ಲೆಯ ವೃದ್ಧಾಶ್ರಮಕ್ಕೆ ದೇಣಿಗೆ ಕೇಳಿ ಯಾವುದೋ ಟ್ರಸ್ಟಿನವರು ಮಾಡಿಸಿದ್ದ ಮನವಿ. ಮೇಲೆ ದಪ್ಪಕ್ಷರದಲ್ಲಿ, ಹೆತ್ತ ಮಗನೇ ಬೀದಿಗೆ ಬಿಟ್ಟ ಈ ತಾಯಿಗೆ ನೀವು ಆಸರೆಯಾಗುವಿರಾ ಎಂಬ ಸಾಲು. ಕೆಳಗೆ ಹಣ ಕಳಿಸಲು ಕ್ಯೂಆರ್ ಕೋಡ್. ನಡುವೆ ಗಲ್ಲಕ್ಕೆ ಕೈಯಿಟ್ಟು ಕೂತ ಒಬ್ಬ ಅಜ್ಜಿ. ಆ ಫೋಟೊ ನನ್ನದು.

ಅದೇ ಚಿತ್ರ ಫ್ಲೆಕ್ಸ್ ಆಗಿ ಬಸ್ ಸ್ಟ್ಯಾಂಡಿನಲ್ಲಿ ತೂಗುತ್ತಿತ್ತಂತೆ. ಅಲ್ಲಿಂದ ಮೊಬೈಲಿಗೆ ಹತ್ತಿ, ಗುಂಪಿನಿಂದ ಗುಂಪಿಗೆ ಹಾರಿ, ಕೊನೆಗೆ ಅಜ್ಜಿಯ ಊರನ್ನೇ ತಲುಪಿತ್ತು. ಬೆಳಿಗ್ಗೆ ಡೈರಿಗೆ ಹಾಲು ಹಾಕಲು ಹೋದ ಮಗನಿಗೆ ಯಾರೋ, "ಏನಯ್ಯಾ, ಅಮ್ಮನ್ನ ಆಶ್ರಮಕ್ಕೆ ಬಿಟ್ಟಿಯಂತೆ" ಅಂದರಂತೆ. ಹೆಂಡತಿಯ ತವರಿನಿಂದಲೂ ಫೋನ್ ಬಂತಂತೆ. ತಾಯಿ ಮಾತ್ರ ಮನೆಯ ಹಿತ್ತಲಲ್ಲಿ ಎಂದಿನ ಹಾಗೆ ದನಕ್ಕೆ ಮುರ ಕಲಸುತ್ತಿದ್ದರು. ಊರಿನ ಹುಡುಗನೊಬ್ಬ ಈ ಫೋಟೊವನ್ನು ಹಿಂದೆ ನನ್ನ ಫೇಸ್‌ಬುಕ್ ಪುಟದಲ್ಲಿ ನೋಡಿದ್ದನ್ನು ನೆನಪಿಟ್ಟು ನನ್ನ ಸ್ಟುಡಿಯೊದ ಹೆಸರು ಹೇಳಿದ್ದ.

ಇಲ್ಲೊಂದು ಮಾತನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು. ಆ ಚಿತ್ರ ಮೊಬೈಲಿನಲ್ಲಿ ತೆರೆದಾಗ ನನ್ನ ಕಣ್ಣು ಮೊದಲು ಹೋದದ್ದು ಅಜ್ಜಿಯ ಮುಖಕ್ಕಲ್ಲ. ಬಲಗಡೆಯ ಕೆಳಮೂಲೆಗೆ. ಅಲ್ಲಿ ನನ್ನ ಹೆಸರಿತ್ತು, ಈಗ ಇರಲಿಲ್ಲ. ಅಷ್ಟು ಭಾಗವನ್ನು ನೀಟಾಗಿ ಕತ್ತರಿಸಿದ್ದರು. ಒಬ್ಬ ಮಗ ಆ ಕಡೆ ಅಳುತ್ತಿದ್ದಾಗ ನನಗೆ ಉರಿದದ್ದು ಹೆಸರು ಹೋಯಿತಲ್ಲಾ ಎಂದು.

ನಾನು ಇಪ್ಪತ್ತೆರಡು ವರ್ಷದಿಂದ ಒಂದು ಸಣ್ಣ ಪಟ್ಟಣದಲ್ಲಿ ಸ್ಟುಡಿಯೊ ಇಟ್ಟುಕೊಂಡಿದ್ದೇನೆ. ಪಾಸ್‌ಪೋರ್ಟ್ ಸೈಜು, ಮದುವೆ, ನಾಮಕರಣ, ಸೀಮಂತ ಹೊಟ್ಟೆಪಾಡು. ಕೆಲಸವಿಲ್ಲದ ದಿನ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಸಂತೆ, ಜಾತ್ರೆ ಸುತ್ತುವುದು ಗೀಳು. ಅಜ್ಜಿಯ ಫೋಟೊ ಅಂಥ ಒಂದು ಸಂಜೆಯದು. ಅವರ ಹೆಸರನ್ನಾಗಲಿ ಊರನ್ನಾಗಲಿ ಇಲ್ಲಿ ಹೇಳುವುದಿಲ್ಲ. ಈ ಬರಹದ ಜೊತೆ ಆ ಫೋಟೊ ಕೂಡ ಇಲ್ಲ. ಯಾಕೆಂದು ಓದುತ್ತ ಹೋದರೆ ನಿಮಗೇ ತಿಳಿಯುತ್ತದೆ.

ಆ ದಿನ ಸ್ಟುಡಿಯೊಗೆ ಬಂದವರಿಗೆಲ್ಲ ನಾನು ಹೇಳಿದ್ದು ಒಂದೇ: "ನನ್ನ ಫೋಟೊ ಕದ್ದಿದ್ದಾರೆ." ಎರಡು ದಿನ ಕಳೆದ ಮೇಲೆ ಆ ಮಾತು ಎಷ್ಟು ಸರಿ ಎಂಬ ಅನುಮಾನ ಶುರುವಾಯಿತು. ತೋಟದ ಬಾಳೆಗೊನೆಯನ್ನು ಯಾರೋ ರಾತ್ರಿ ಕಡಿದುಕೊಂಡು ಹೋದರೆ ಬೆಳಿಗ್ಗೆ ನನ್ನ ಹತ್ತಿರ ಗೊನೆ ಇರುವುದಿಲ್ಲ. ಫೋಟೊ ಹಾಗಲ್ಲ. ಅವರು ತೆಗೆದುಕೊಂಡ ಮೇಲೂ ಅದು ನನ್ನ ಹಾರ್ಡ್‌ಡಿಸ್ಕಿನಲ್ಲಿ ಹಾಗೇ ಇದೆ. ಒಂದು ಚುಕ್ಕೆಯೂ ಕಡಿಮೆಯಾಗಿಲ್ಲ. ಹಾಗಾದರೆ ಹೋದದ್ದೇನು?

ಕಾನೂನಿಗೆ ಇದರ ಬಗ್ಗೆ ಸ್ಪಷ್ಟ ಉತ್ತರವಿದೆ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಫೋಟೊ ಒಂದು ಕಲಾಕೃತಿ. ಅದನ್ನು ತೆಗೆದವನು ಅದರ ಕರ್ತೃ. ಹಕ್ಕು ಬರಲು ಎಲ್ಲಿಯೂ ನೋಂದಣಿ ಮಾಡಿಸಬೇಕಾಗಿಲ್ಲ. ತೆಗೆದ ಕ್ಷಣದಿಂದಲೇ ಹಕ್ಕು ಹುಟ್ಟುತ್ತದೆ. ಮೊದಲು ಫೋಟೊಗಳಿಗೆ ಪ್ರಕಟವಾದ ಮೇಲೆ 60 ವರ್ಷ ಎಂಬ ಲೆಕ್ಕವಿತ್ತು. 2012ರ ತಿದ್ದುಪಡಿಯ ನಂತರ ಫೋಟೊ ತೆಗೆದವನ ಜೀವಮಾನ, ಆಮೇಲೆ ಇನ್ನೂ 60 ವರ್ಷ. ಅಂದರೆ ಒಂದು ಸೆಕೆಂಡಿನ ಇನ್ನೂರೈವತ್ತನೇ ಒಂದು ಭಾಗದಲ್ಲಿ ನಾನು ಮಾಡಿದ ಕೆಲಸ ನನ್ನ ಮೊಮ್ಮಕ್ಕಳ ಕಾಲಕ್ಕೂ ನಮ್ಮ ಮನೆಯದೇ.

ಗೊತ್ತಿದ್ದ ವಕೀಲರೊಬ್ಬರು ಕೂರಿಸಿಕೊಂಡು ಎಲ್ಲ ಬಿಡಿಸಿ ಹೇಳಿದರು. ಇಂಥದ್ದು ಆದಾಗ ಸಿಟ್ಟಿನಲ್ಲಿ ಮೊದಲು ಫೋನ್ ಮಾಡಿ ಬೈಯಬಾರದು. ಬೈದ ತಕ್ಷಣ ಅವರು ಅಳಿಸಿಬಿಡುತ್ತಾರೆ, ಸಾಕ್ಷಿಯೂ ಹೋಗುತ್ತದೆ. ಮೊದಲು ವಿಳಾಸ, ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಬೇಕು. ಫ್ಲೆಕ್ಸ್ ಇದ್ದರೆ ಅದು ತೂಗುತ್ತಿರುವ ಜಾಗವೂ ಕಾಣುವ ಹಾಗೆ ಫೋಟೊ ತೆಗೆಯಬೇಕು. ಕ್ಯಾಮೆರಾದಿಂದ ಬಂದ ಮೂಲ ಫೈಲನ್ನು ಹಾಗೇ ಜೋಪಾನ ಮಾಡಬೇಕು. ತೆಗೆದ ದಿನ, ಗಂಟೆ, ಕ್ಯಾಮೆರಾ ಎಲ್ಲ ಅದರೊಳಗೇ ಬರೆದಿರುತ್ತದೆ, ಕದ್ದವರ ಹತ್ತಿರ ಅದು ಇರುವುದಿಲ್ಲ. ಗೂಗಲ್ ಲೆನ್ಸಿನಲ್ಲೋ ಟಿನ್‌ಐನಲ್ಲೋ ಹುಡುಕಿದರೆ ಇನ್ನೆಲ್ಲೆಲ್ಲಿ ಹೋಗಿದೆ ಎಂಬುದು ಒಂದಷ್ಟು ಸಿಗುತ್ತದೆ. ಆಮೇಲೆ ಅಂಚೆಯಲ್ಲಿ ನೋಟಿಸು. ಜಾಲತಾಣ ನಡೆಸುವವರಿಗೆ ಲಿಖಿತ ದೂರು ಕೊಟ್ಟರೆ 36 ಗಂಟೆಯೊಳಗೆ ಅದು ಕಾಣದಂತೆ ಮಾಡಬೇಕೆಂದು 2013ರ ನಿಯಮಗಳಲ್ಲಿದೆ. ಆದರೆ 21 ದಿನದೊಳಗೆ ಕೋರ್ಟಿನ ಆದೇಶ ತರದಿದ್ದರೆ ಅವರು ಮತ್ತೆ ಹಾಕಬಹುದು. ಕೇಸು ಹಾಕುವುದಾದರೆ ಅವರ ಊರಿಗೆ ಅಲೆಯಬೇಕಿಲ್ಲ, ನಾವಿರುವ ಜಿಲ್ಲೆಯಲ್ಲೇ ಹಾಕಬಹುದು. ಗೊತ್ತಿದ್ದೂ ಮಾಡಿದ್ದರೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲೂ ಇದೆ. ಫೋಟೊದ ಜೊತೆಗಿರುವ ಹಕ್ಕಿನ ಮಾಹಿತಿಯನ್ನು ಬೇಕೆಂದೇ ಅಳಿಸುವುದೂ 2012ರಿಂದ ಅಪರಾಧ.

ಕೊನೆಯ ಮಾತು ಕೇಳಿ ನನಗೆ ಒಳಗೊಳಗೇ ಖುಷಿಯಾಯಿತು. ಹೆಸರು ಕತ್ತರಿಸಿದವರಿಗೆ ಕಾನೂನಿನಲ್ಲಿ ಹೆಸರಿಟ್ಟಿದ್ದಾರಲ್ಲ ಎಂದು.

ಹತ್ತು ದಿನದ ಮೇಲೆ ಟ್ರಸ್ಟಿನವರೇ ಫೋನ್ ಮಾಡಿದರು. ಸಜ್ಜನರ ಮಾತು. ಒಂದಾದ ಮೇಲೊಂದು ಮೂರು ಉತ್ತರ ಕೊಟ್ಟರು. ಮೊದಲನೆಯದು, "ನಾವು ಕದ್ದಿಲ್ಲ ಸಾರ್, ಗೂಗಲ್‌ನಲ್ಲಿತ್ತು." ಎರಡನೆಯದು, "ಒಳ್ಳೆ ಕೆಲಸಕ್ಕೆ ತಾನೇ ಬಳಸಿದ್ದು? ನಲವತ್ತು ಜನ ಅಜ್ಜ ಅಜ್ಜಿಯಂದಿರಿಗೆ ಊಟ ಹಾಕ್ತಿದ್ದೀವಿ." ಮೂರನೆಯದು, "ಹೋಗ್ಲಿ ಬಿಡಿ, ಎಷ್ಟು ಕೊಡಬೇಕು ಹೇಳಿ."

ಮೊದಲನೆಯದಕ್ಕೆ ಉತ್ತರ ಕೊಡುವುದು ಸುಲಭ. ರಸ್ತೆಬದಿಯಲ್ಲಿ ನಿಲ್ಲಿಸಿದ ಬೈಕು ಎಲ್ಲರಿಗೂ ಕಾಣುತ್ತದೆ. ಕಂಡದ್ದಕ್ಕೆ ಹತ್ತಿಕೊಂಡು ಹೋಗುವುದಿಲ್ಲ. ಗೂಗಲ್ ತೋರಿಸುತ್ತದೆ, ಕೊಡುವುದಿಲ್ಲ.

ಎರಡನೆಯದು ನನ್ನನ್ನು ಸ್ವಲ್ಪ ತಡೆಯಿತು. ನಲವತ್ತು ಜನರ ಅನ್ನದ ಮುಂದೆ ನನ್ನ ಹೆಸರು ಎಷ್ಟು ದೊಡ್ಡದು? ಆದರೆ ಯೋಚಿಸಿದಂತೆ, ಒಳ್ಳೆಯ ಕೆಲಸವೇ ಆಗಿದ್ದರೆ ಕೇಳುವುದು ಇನ್ನೂ ಸುಲಭವಿತ್ತಲ್ಲ ಅನ್ನಿಸಿತು. ಒಂದು ಫೋನ್ ಮಾಡಿದ್ದರೆ ನಾನು ಬಿಟ್ಟಿ ಕೊಟ್ಟಿರುತ್ತಿದ್ದೆ. ಕೇಳದೆ ತೆಗೆದುಕೊಂಡವರು ನನ್ನಿಂದ ಕಿತ್ತುಕೊಂಡದ್ದು ಹಣವನ್ನಲ್ಲ, ಕೊಡುವ ಅವಕಾಶವನ್ನು. ಬೇಡ ಅನ್ನುವ ಅವಕಾಶವನ್ನೂ.

ಅಮೆರಿಕದ ಕ್ಯಾರಲ್ ಹೈಸ್ಮಿತ್ ಎಂಬ ಛಾಯಾಗ್ರಾಹಕಿಯ ಕಥೆ ನನಗೆ ಆಗ ನೆನಪಾಯಿತು. ತನ್ನ ದೇಶವನ್ನೆಲ್ಲ ಸುತ್ತಿ ತೆಗೆದ ಸಾವಿರಾರು ಚಿತ್ರಗಳನ್ನು ಆಕೆ ಯಾರು ಬೇಕಾದರೂ ಬಳಸಲಿ ಎಂದು ಅಲ್ಲಿನ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಕೊಟ್ಟುಬಿಟ್ಟವರು. ಹಾಗೆ ಕೊಟ್ಟ ಚಿತ್ರವೊಂದನ್ನು ಅವರದೇ ಸಂಸ್ಥೆಯ ಜಾಲತಾಣದಲ್ಲಿ ಹಾಕಿದ್ದಕ್ಕೆ, ಚಿತ್ರ ಮಾರುವ ಕಂಪನಿಯೊಂದರ ಪರವಾಗಿ 120 ಡಾಲರ್ ಕಟ್ಟಿ ಎಂದು ಅವರಿಗೇ ಪತ್ರ ಬಂತು. 2016ರಲ್ಲಿ ಅವರು ಕೋರ್ಟಿಗೆ ಹೋದರು. ಸಾರ್ವಜನಿಕರಿಗೆ ಬಿಟ್ಟುಕೊಟ್ಟ ಮೇಲೆ ಹಕ್ಕುಸ್ವಾಮ್ಯದ ಮಾತೆಲ್ಲಿ ಬಂತು ಎಂಬ ಕಾರಣಕ್ಕೆ ಅವರ ಮುಖ್ಯ ವಾದ ನಿಲ್ಲಲಿಲ್ಲ. ಕಾನೂನಿನ ಲೆಕ್ಕಕ್ಕೆ ಅದು ಸರಿಯಿರಬಹುದು. ಆದರೆ ಎಲ್ಲವನ್ನೂ ಬಿಟ್ಟಿ ಕೊಟ್ಟ ಹೆಂಗಸಿಗೂ ನೋವಾಯಿತಲ್ಲ, ಅದು ಯಾವ ನೋವು? ದಾನ ಕೊಟ್ಟ ಬಾವಿಗೆ ಯಾರೋ ಬೀಗ ಹಾಕಿ, ನೀರಿಗೆ ಬಂದ ದಾನಿಯ ಹತ್ತಿರವೇ ಕಾಸು ಕೇಳಿದ ಹಾಗೆ. ಅಲ್ಲಿ ಹೋದದ್ದು ಆಸ್ತಿಯಲ್ಲ. ತಾನು ಯಾವ ಮನಸ್ಸಿನಿಂದ ಕೊಟ್ಟೆನೋ ಆ ಮನಸ್ಸು.

ಮೂರನೆಯ ಉತ್ತರ ಹಣದ್ದು. ನನಗೆ ಹಣ ಬೇಡ, ಒಂದು ಕ್ಷಮೆ ಸಾಕು ಎಂದು ದೊಡ್ಡಸ್ತಿಕೆಯಿಂದ ಹೇಳಲು ಹೊರಟಿದ್ದೆ. ಬೆಂಗಳೂರಿನಲ್ಲಿ ಪತ್ರಿಕೆಗಳಿಗೆ ಬಿಡಿಯಾಗಿ ಫೋಟೊ ಕೊಟ್ಟು ಬದುಕುವ ಗೆಳೆಯನೊಬ್ಬ ತಡೆದ. "ನಿನಗೆ ಮದುವೆ ಆರ್ಡರ್ ಇದೆ, ಉದಾರಿ ಆಗ್ತೀಯ. ನಾಳೆ ನಾನು ಬಿಲ್ ಕಳಿಸಿದರೆ ಅವರು, ಅವರ್ಯಾರೋ ಕ್ಷಮೆ ಕೇಳಿದರೆ ಸಾಕು ಅಂದ್ರು, ನಿಮ್ಮದೇನು ಅಂತಾರೆ." ಅವನ ಮಾತು ಸುಳ್ಳಲ್ಲ. 2010ರ ಜನವರಿಯಲ್ಲಿ ಹೈಟಿಯಲ್ಲಿ ಭೂಕಂಪವಾದ ದಿನ ಅಲ್ಲಿದ್ದ ಡೇನಿಯಲ್ ಮೊರೆಲ್ ತೆಗೆದ ಚಿತ್ರಗಳನ್ನು ಟ್ವಿಟರ್ ಮೂಲಕ ಹಂಚಿದರು. ಇನ್ಯಾರೋ ಅವನ್ನು ತನ್ನದೆಂಬಂತೆ ಹಾಕಿಕೊಂಡ. ಆ ದಾರಿಯಲ್ಲಿ ಅವು ದೊಡ್ಡ ಸುದ್ದಿಸಂಸ್ಥೆಗಳ ಕೈಗೆ ಹೋಗಿ, ತಪ್ಪು ಹೆಸರಿನಲ್ಲಿ ಪ್ರಪಂಚವೆಲ್ಲ ಸುತ್ತಿದವು. ಟ್ವಿಟರಿನಲ್ಲಿದ್ದದ್ದು ಎಲ್ಲರದ್ದು ಎಂಬ ವಾದವನ್ನು ನ್ಯೂಯಾರ್ಕಿನ ಕೋರ್ಟು ಒಪ್ಪಲಿಲ್ಲ. 2013ರಲ್ಲಿ ಜ್ಯೂರಿ ಅವರಿಗೆ 12 ಲಕ್ಷ ಡಾಲರ್ ಕೊಡಿಸಿತು. ಮೊರೆಲ್ ಅಂದು ಸುಮ್ಮನಿದ್ದಿದ್ದರೆ, ಜಾಲದಲ್ಲಿ ಕಂಡದ್ದೆಲ್ಲ ಬಿಟ್ಟಿ ಎನ್ನುವವರ ದನಿ ಇನ್ನಷ್ಟು ಜೋರಾಗುತ್ತಿತ್ತು. ಹಾಗಾಗಿ ನಾನೂ ಒಂದು ಬಿಲ್ ಮಾಡಿದೆ. ಹೆಚ್ಚಿಗೆ ಏನೂ ಇಲ್ಲ, ಜಾಹೀರಾತಿಗೆ ಫೋಟೊ ಕೊಟ್ಟರೆ ನಾನು ತೆಗೆದುಕೊಳ್ಳುವ ದರ. ಅದರಲ್ಲಿ ಅರ್ಧ ಅಜ್ಜಿಗೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಇಷ್ಟಕ್ಕೆ ನಿಂತಿದ್ದರೆ ಈ ಬರಹ ಬರೆಯುತ್ತಿರಲಿಲ್ಲ.

ನೋಟಿಸಿಗೆ ಬೇಕೆಂದು ಮೂಲ ಫೈಲನ್ನು ಹುಡುಕಿ ತೆರೆದಿದ್ದೆನಲ್ಲ, ಆ ದಿನ ಮಾಡಿದ ಇಡೀ ಸಾಲು ಅಲ್ಲಿತ್ತು. ಒಟ್ಟು ಒಂಬತ್ತು ಚಿತ್ರ. ಮೊದಲ ಆರರಲ್ಲಿ ಅಜ್ಜಿ ಪಕ್ಕದಲ್ಲಿ ಕೂತ ಇಬ್ಬರು ಹೆಂಗಸರ ಜೊತೆ ಮಾತಾಡುತ್ತಿದ್ದಾರೆ. ಒಂದರಲ್ಲಂತೂ ಬಾಯಿ ತುಂಬ ಎಲೆಯಡಿಕೆ, ಕಣ್ಣು ಮುಚ್ಚಿ ನಗು. ಎಂಟನೆಯದರಲ್ಲಿ ಅಜ್ಜಿ ಗಲ್ಲಕ್ಕೆ ಕೈಯಿಟ್ಟು ರಸ್ತೆ ಕಡೆ ನೋಡುತ್ತಿದ್ದಾರೆ, ಹಿಂದೆ ಮೋಡ ಕಪ್ಪಾಗಿದೆ. ಆ ಮೂಲ ಚಿತ್ರದಲ್ಲೂ ಎಡಗಡೆ ಒಬ್ಬ ಹೆಂಗಸಿನ ಮೊಣಕೈ ಇದೆ, ಅವರ ಚೀಲವಿದೆ. ನಾನೇ ಅದನ್ನು ಕತ್ತರಿಸಿದ್ದೆ. ಬಣ್ಣ ತೆಗೆದು ಕಪ್ಪು ಬಿಳುಪು ಮಾಡಿದ್ದೆ. ಫೇಸ್‌ಬುಕ್ಕಿಗೆ ಹಾಕುವಾಗ ಮೇಲೊಂದು ಸಾಲು ಬರೆದಿದ್ದೆ: ಯಾರೂ ಇಲ್ಲದ ಸಂಜೆ.

ಒಂಬತ್ತನೆಯ ಚಿತ್ರ ನನಗೆ ನೆನಪೇ ಇರಲಿಲ್ಲ. ಅದರಲ್ಲಿ ರಸ್ತೆಯಂಚಿಗೆ ಒಂದು ಬೈಕು ಬಂದು ನಿಂತಿದೆ. ಹೆಲ್ಮೆಟ್ ತೆಗೆಯುತ್ತಿರುವ ಒಬ್ಬ. ಅಜ್ಜಿ ಚೀಲ ಎತ್ತಿಕೊಂಡು ಏಳುತ್ತಿದ್ದಾರೆ. ಫೋನ್ ಮಾಡಿ ಅತ್ತ ಮಗ ಅವನೇ.

ಅಜ್ಜಿ ಕಾಯುತ್ತಿದ್ದದ್ದು ನಿಜ. ಆದರೆ ಕರೆದೊಯ್ಯಲು ಬರುವ ಮಗನಿಗಾಗಿ, ಮಳೆ ಬರುವುದರೊಳಗೆ ಬರುತ್ತಾನೋ ಇಲ್ಲವೋ ಎಂದು. ಆ ನೋಟದಿಂದ ಗೆಳತಿಯರನ್ನು ಕತ್ತರಿಸಿ, ಮಗನನ್ನು ಬಿಟ್ಟು, ಯಾರೂ ಇಲ್ಲ ಎಂದು ಬರೆದವನು ನಾನು. ಟ್ರಸ್ಟಿನವರು ಮಾಡಿದ್ದು ಇಷ್ಟೇ: ನಾನು ಅರ್ಧ ಹೇಳಿದ ಸುಳ್ಳನ್ನು ಪೂರ್ತಿ ಮಾಡಿದರು. ನಾನು ಕತ್ತರಿಸಿದಾಗ ಅದು ಕಲೆ, ಅವರು ನನ್ನ ಹೆಸರನ್ನು ಕತ್ತರಿಸಿದಾಗ ಕಳವು!

ಫೋಟೊಗ್ರಾಫರುಗಳಿಗೆಲ್ಲ ಗೊತ್ತಿರುವ ಒಂದು ಚಿತ್ರವಿದೆ. 1936ರ ಮಾರ್ಚಿನಲ್ಲಿ ಕ್ಯಾಲಿಫೋರ್ನಿಯಾದ ನಿಪೋಮೊ ಎಂಬಲ್ಲಿ, ಬಟಾಣಿ ಕೀಳುವ ಕೂಲಿಗಳ ಬಿಡಾರದಲ್ಲಿ ಡೊರೊಥಿಯಾ ಲ್ಯಾಂಗ್ ತೆಗೆದದ್ದು. ಕೆನ್ನೆಗೆ ಕೈಯಿಟ್ಟ ತಾಯಿ, ಹೆಗಲಿಗೆ ಮುಖ ಹುದುಗಿಸಿದ ಎರಡು ಮಕ್ಕಳು, ಮಡಿಲಲ್ಲೊಂದು ಕೂಸು. ವಲಸೆಯ ತಾಯಿ ಎಂದೇ ಅದಕ್ಕೆ ಹೆಸರು. ಲ್ಯಾಂಗ್ ಸರ್ಕಾರಿ ಇಲಾಖೆಗೆ ಕೆಲಸ ಮಾಡುತ್ತಿದ್ದುದರಿಂದ ಅದಕ್ಕೆ ಹಕ್ಕುಸ್ವಾಮ್ಯವಿಲ್ಲ. ಯಾರು ಬೇಕಾದರೂ ಬಳಸಬಹುದು, ಬಳಸಿದರು. 1998ರಲ್ಲಿ ಅಂಚೆಚೀಟಿಯೂ ಆಯಿತು. ಲ್ಯಾಂಗ್ ಅಂದು ಆ ತಾಯಿಯ ಹೆಸರು ಕೇಳಲಿಲ್ಲ. ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂಬ ಆ ಹೆಸರು ಜಗತ್ತಿಗೆ ತಿಳಿದದ್ದು ನಲವತ್ತು ವರ್ಷದ ಮೇಲೆ, 1978ರಲ್ಲಿ. ಆ ಚಿತ್ರದಿಂದ ತನಗೆ ಒಂದು ಕಾಸೂ ಬರಲಿಲ್ಲವೆಂಬ ಕಹಿ ಆಕೆಗಿತ್ತು. ಕಾರಿನ ಟೈರನ್ನೇ ಮಾರಿ ಊಟ ತಂದರು ಎಂದು ಲ್ಯಾಂಗ್ ಬರೆದದ್ದು ನಿಜವಲ್ಲ ಎಂದು ಮನೆಯವರು ಹೇಳಿದರು. ಹಾಗೆಂದು ಆ ಚಿತ್ರ ಕೆಟ್ಟದ್ದು ಮಾಡಿತು ಎನ್ನುವಂತಿಲ್ಲ. ಅದು ಪತ್ರಿಕೆಯಲ್ಲಿ ಬಂದ ಮೇಲೆ ಆ ಬಿಡಾರಕ್ಕೆ ಸರ್ಕಾರ ಆಹಾರ ಕಳಿಸಿತು. ಆದರೆ ಅಷ್ಟರೊಳಗೆ ಆ ತಾಯಿ ಮಕ್ಕಳನ್ನು ಕರೆದುಕೊಂಡು ಮುಂದಿನ ಊರಿಗೆ ಹೋಗಿಯಾಗಿತ್ತು.

ಲ್ಯಾಂಗ್ ದೊಡ್ಡ ಕಲಾವಿದೆ, ನಾನು ಸ್ಟುಡಿಯೊದವನು. ಹೋಲಿಸಿಕೊಳ್ಳುವ ದುರಹಂಕಾರ ನನಗಿಲ್ಲ. ಆದರೆ ಗಲ್ಲಕ್ಕೆ ಕೈಯಿಟ್ಟ ಹೆಂಗಸನ್ನು ಕಂಡರೆ ಅವಳಿಗೊಂದು ಕಥೆ ಕಟ್ಟಿಬಿಡುವ ಚಾಳಿ ಮಾತ್ರ ದೊಡ್ಡವರಿಗೂ ಸಣ್ಣವರಿಗೂ ಒಂದೇ.

ವಕೀಲರನ್ನು ಇನ್ನೊಂದು ಸಲ ಕೇಳಿದೆ, ಇದರಲ್ಲಿ ಅಜ್ಜಿಗೆ ಏನು ಹಕ್ಕಿದೆ ಎಂದು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಹಕ್ಕುಸ್ವಾಮ್ಯ ಕಾಯ್ದೆಗೆ ಕ್ಯಾಮೆರಾದ ಹಿಂದೆ ಇರುವವನು ಕಾಣುತ್ತಾನೆ, ಮುಂದೆ ಇರುವವರು ಕಾಣುವುದಿಲ್ಲ. ಕೃತಿಯನ್ನು ವಿರೂಪಗೊಳಿಸಿ ಮಾನ ಕಳೆದರೆ ತಡೆಯುವ ಹಕ್ಕು 57ನೇ ಕಲಮಿನಲ್ಲಿದೆ, ಅದೂ ನನ್ನ ಮಾನಕ್ಕೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟಿದ್ದಾರೆ. ಆ ಮೊಕದ್ದಮೆ ಹೂಡಿದ ಕೆ.ಎಸ್. ಪುಟ್ಟಸ್ವಾಮಿ ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳೇ. ಹೆಸರು, ಮುಖ, ದನಿಯನ್ನು ಕೇಳದೆ ಬಳಸಬಾರದೆಂದು ಅಮಿತಾಭ್ ಬಚ್ಚನ್ 2022ರಲ್ಲಿ, ಅನಿಲ್ ಕಪೂರ್ 2023ರಲ್ಲಿ ದೆಹಲಿ ಹೈಕೋರ್ಟಿನಿಂದ ಆದೇಶ ತಂದರು. ದಾರಿ ಇಲ್ಲವೆಂದಲ್ಲ. ಮಾನನಷ್ಟದ ದಾರಿಯೂ ಇದೆ. ಆದರೆ ಸೊಪ್ಪು ಮಾರುವ ಅಜ್ಜಿ ಆ ದಾರಿ ಹಿಡಿದು ನಡೆಯಬೇಕಾದ ದೂರ ಎಷ್ಟು?

ಆಮೇಲೆ ನನ್ನ ಸ್ಟುಡಿಯೊವನ್ನೇ ಒಮ್ಮೆ ತಿರುಗಿ ನೋಡಿದೆ. ಮಕ್ಕಳ ಹುಟ್ಟುಹಬ್ಬದ ಫೋಟೊದ ಹಿಂದೆ ಹಾಕುವ ಹಿಮದ ಬೆಟ್ಟ, ಜಲಪಾತ, ಹೂವಿನ ತೋಟ ಎಲ್ಲ ಗೂಗಲ್‌ನಲ್ಲಿ ಸಿಕ್ಕಿದ್ದವು. ಯಾವ ದೇಶದ ಯಾವ ಬೆಳಿಗ್ಗೆ ಯಾರು ಚಳಿಯಲ್ಲಿ ಕಾದು ತೆಗೆದದ್ದೋ, ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲವೂ ಕೇಳಿಕೊಂಡಿರಲಿಲ್ಲ. ಕರಿಜ್ಮಾ ಆಲ್ಬಂಗಳಲ್ಲಿ ಅಂಥವು ಎಷ್ಟು ಹೋಗಿವೆಯೋ ಲೆಕ್ಕವಿಲ್ಲ. ಇನ್ನು ಮದುವೆ ಫೋಟೊ. ದುಡ್ಡು ಕೊಟ್ಟು ತೆಗೆಸಿದ ಫೋಟೊಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರೇ ಮೊದಲ ಒಡೆಯರು ಎಂದು ಅದೇ ಕಾಯ್ದೆಯ 17ನೇ ಕಲಮು ಹೇಳುತ್ತದೆ. ನನ್ನ ಗಾಜಿನ ಶೋಕೇಸಿನಲ್ಲಿ, ಫೇಸ್‌ಬುಕ್ ಪುಟದಲ್ಲಿ ನಗುತ್ತಿದ್ದ ಒಬ್ಬ ಮದುಮಗಳನ್ನೂ ನಾನು ಕೇಳಿರಲಿಲ್ಲ. ಅವರಲ್ಲಿ ಒಬ್ಬಳಿಗೆ ಎರಡೇ ವರ್ಷದಲ್ಲಿ ಸೋಡಚೀಟಿಯಾಗಿತ್ತು. ಬಸ್ಸಿಗೆ ಹೋಗುವಾಗಲೆಲ್ಲ ನನ್ನ ಅಂಗಡಿಯ ಮುಂದೆ ತಲೆ ತಗ್ಗಿಸಿ ಹೋಗುತ್ತಿದ್ದಳು. ಯಾಕೆಂದು ನನಗೆ ಹೊಳೆದದ್ದು ಈಗ.

ನಾನೂ ಹಾಗೇ ಮಾಡಿದವನು ಎಂದ ಮೇಲೆ ಟ್ರಸ್ಟಿನವರನ್ನು ಕೇಳುವ ಬಾಯಿ ನನಗೆಲ್ಲಿದೆ ಎಂದು ಒಂದೆರಡು ದಿನ ಅನ್ನಿಸಿತು. ಆಮೇಲೆ ಅದೂ ಒಂದು ಜಾರಿಕೊಳ್ಳುವ ದಾರಿಯೇ ಅನ್ನಿಸಿತು. ನನ್ನ ತಪ್ಪಿನಿಂದ ಅವರ ತಪ್ಪು ವಜಾ ಆಗುವುದಿಲ್ಲ. ನಾನು ಸುಮ್ಮನಾದರೆ ಅಜ್ಜಿಯ ಪರವಾಗಿ ಮಾತಾಡಲು ಕಾನೂನು ಮೆಚ್ಚುವ ಕಾಗದ ಇರುವ ಒಬ್ಬನೂ ಉಳಿಯುವುದಿಲ್ಲ. ಹಾಗೆ ನೋಡಿದರೆ ಹಕ್ಕುಸ್ವಾಮ್ಯ ಎಂಬ ಮಾತಿನಲ್ಲಿ ನಾನು ಸ್ವಾಮ್ಯವನ್ನಷ್ಟೇ ಓದಿಕೊಂಡಿದ್ದೆ. ಸಂತೆಯಲ್ಲಿ ಕ್ಯಾಮೆರಾ ಎತ್ತಿದಾಗ ಅಜ್ಜಿ ಒಮ್ಮೆ ನನ್ನ ಕಡೆ ನೋಡಿ ತಲೆಯಾಡಿಸಿದ್ದರು. ಆ ತಲೆಯಾಡಿಕೆ ಎಷ್ಟಕ್ಕೆ? ತೆಗೆದುಕೋ ಅನ್ನುವಷ್ಟಕ್ಕೆ. ಫೇಸ್‌ಬುಕ್ಕಿಗಲ್ಲ, ಯಾರೂ ಇಲ್ಲ ಅನ್ನುವುದಕ್ಕಂತೂ ಖಂಡಿತ ಅಲ್ಲ. ಅವರು ನನ್ನ ಕೈಗೆ ಕೊಟ್ಟದ್ದು ಒಂದು ನಂಬಿಕೆ. ಅದನ್ನು ಜೋಪಾನ ಮಾಡುವುದಕ್ಕೆಂದು ಕಾನೂನು ನನ್ನ ಹತ್ತಿರ ಒಂದು ಬೀಗದ ಕೈ ಕೊಟ್ಟಿದೆ. ಕೇಳದೆ ಬಳಸಿದವರ ಮೇಲೆ ನನ್ನ ನಿಜವಾದ ದೂರು ನನ್ನ ಸೊತ್ತು ಒಯ್ದರು ಎಂಬುದಲ್ಲ. ಕೊಡಲು ನನಗೂ ಅಧಿಕಾರವಿಲ್ಲದ್ದನ್ನು ಒಯ್ದರು ಎಂಬುದು.

ಹಾಗಾದರೆ ಎಲ್ಲ ಫೋಟೊಗೂ ಬರೆದು ಸಹಿ ಹಾಕಿಸಿಕೊಳ್ಳಬೇಕೇ? ಹಾಗೆ ಮಾಡಿದ್ದರೆ ಜಗತ್ತಿನ ಎಷ್ಟೋ ಚಿತ್ರಗಳು ಇರುತ್ತಿರಲಿಲ್ಲ. ಮೈಸೂರಿನ ಟಿ.ಎಸ್. ಸತ್ಯನ್ ಜನಸಾಮಾನ್ಯರ ದಿನದಿನದ ಬದುಕನ್ನು ದಶಕಗಳ ಕಾಲ ಹಿಡಿದಿಟ್ಟರು. ಬೀದಿಯಲ್ಲಿ ಆಡುವ ಮಗುವನ್ನು ತಡೆದು ಅನುಮತಿ ಕೇಳಿದರೆ ಆಟವೇ ನಿಂತುಹೋಗುತ್ತದೆ. 1984ರ ಡಿಸೆಂಬರಿನಲ್ಲಿ ಭೋಪಾಲದಲ್ಲಿ ಮಣ್ಣಿಗೆ ಹೋಗುತ್ತಿದ್ದ ಕೂಸಿನ ಮುಖವನ್ನು ರಘು ರಾಯ್ ತೆಗೆದರಲ್ಲ, ಅಲ್ಲಿ ಯಾರನ್ನು ಕೇಳುವುದು? ಆ ಚಿತ್ರವಿಲ್ಲದಿದ್ದರೆ ಆ ಅನ್ಯಾಯ ಇಷ್ಟು ಕಾಲ ನಮ್ಮ ಕಣ್ಣಿಗೆ ಚುಚ್ಚುತ್ತಿರಲಿಲ್ಲ. ಆದರೆ ಆ ಚಿತ್ರ ಆ ಕೂಸಿನ ಬಗ್ಗೆ ಸುಳ್ಳು ಹೇಳುವುದಿಲ್ಲ. ಆದದ್ದನ್ನೇ ಹೇಳುತ್ತದೆ. ಕೇಳಲು ಆಗದ ಕಡೆ ಉಳಿಯುವ ಕನಿಷ್ಠ ಋಣ ಅದು: ಕೇಳಿದ್ದರೆ ಅವರು ಹೌದು ಇದು ನಡೆದದ್ದೇ ಅನ್ನುವಂತಿರಬೇಕು. ನನ್ನ ಅಜ್ಜಿಯ ಫೋಟೊ ಆ ಪರೀಕ್ಷೆಯಲ್ಲಿ ಫ್ಲೆಕ್ಸಿಗೆ ಹೋಗುವ ಮೊದಲೇ ಸೋತಿತ್ತು.

ಕನ್ನಡದಲ್ಲಿ ನಾವು ಫೋಟೊ ಹೊಡೆಯುತ್ತೇವೆ, ಹಿಡಿಯುತ್ತೇವೆ, ತೆಗೆಯುತ್ತೇವೆ. ಮೂರೂ ಜೋರಿನ ಮಾತುಗಳೇ. ಆದರೆ ಸ್ಟುಡಿಯೊ ಬಾಗಿಲಿಗೆ ಬಂದವರು, "ಒಂದು ಫೋಟೊ ತೆಗೆಸ್ಕೋಬೇಕಿತ್ತು" ಅನ್ನುತ್ತಾರೆ. ಕನ್ನಡಿಯ ಮುಂದೆ ನಿಲ್ಲುತ್ತಾರೆ, ಪೌಡರ್ ಹಚ್ಚುತ್ತಾರೆ, ಕೂದಲಿಗೆ ನೀರು ಸವರಿ ಬಾಚುತ್ತಾರೆ, ಕಾಲರ್ ಸರಿ ಮಾಡಿಕೊಳ್ಳುತ್ತಾರೆ. ತೆಗೆದ ಫೋಟೊದಲ್ಲಿ ನಾನು ಕಂಡ ಹಾಗೆ ಅವರು. ತೆಗೆಸಿಕೊಂಡ ಫೋಟೊದಲ್ಲಿ ಕಾಣಬೇಕೆಂದುಕೊಂಡ ಹಾಗೆ ಅವರು. ಇಪ್ಪತ್ತೆರಡು ವರ್ಷ ಎರಡನ್ನೂ ಮಾಡುತ್ತ, ಎರಡನೆಯದನ್ನು ಹೊಟ್ಟೆಪಾಡು, ಮೊದಲನೆಯದನ್ನು ಕಲೆ ಎಂದುಕೊಂಡಿದ್ದೆ.

ಕೊನೆಗೆ ಆದದ್ದು ಇಷ್ಟು. ಟ್ರಸ್ಟಿನವರು ಫ್ಲೆಕ್ಸ್ ಇಳಿಸಿದರು. ಜಾಲದಿಂದಲೂ ತೆಗೆದರು. ಆ ತಾಯಿಗೂ ನಮ್ಮ ಆಶ್ರಮಕ್ಕೂ ಸಂಬಂಧವಿಲ್ಲ, ಅವರು ಮಗನ ಮನೆಯಲ್ಲೇ ಚೆನ್ನಾಗಿದ್ದಾರೆ, ನಮ್ಮಿಂದ ತಪ್ಪಾಗಿದೆ ಎಂದು ಬರೆದು, ಮೊದಲು ಹಂಚಿದ ಗುಂಪುಗಳಿಗೇ ಕಳಿಸಿದರು. ಅದರಲ್ಲಿ ನನ್ನ ಹೆಸರು ಹಾಕುವುದು ಬೇಡವೆಂದು ನಾನೇ ಹೇಳಿದೆ. ಬಿಲ್ಲಿನ ಹಣವೂ ಬಂತು. ಅರ್ಧ ತೆಗೆದುಕೊಂಡು ಅಜ್ಜಿಯ ಮನೆಗೆ ಹೋದೆ.

ಮಗ ಹಣ ಮುಟ್ಟಲಿಲ್ಲ. "ಬೇಡ ಸಾರ್. ಇದನ್ನ ತಗೊಂಡ್ರೆ ಊರವರು ಅಂದಿದ್ದು ನಿಜ ಆಗುತ್ತೆ. ಮಾರಿದ ಹಾಗೇ ಆಯ್ತಲ್ಲ." ನನ್ನ ನ್ಯಾಯದ ಲೆಕ್ಕದಲ್ಲಿ ಈ ಒಂದು ಸಾಲು ಇರಲೇ ಇಲ್ಲ. ಹಣವನ್ನು ಜೇಬಿಗೆ ಹಾಕಿಕೊಂಡೆ. ಏನೂ ಬಿಡಿಸಿಕೊಳ್ಳದೆ ಎಲ್ಲವನ್ನೂ ಅವನಿಗೆ ಹೇಳಿದೆ, ಮೊಣಕೈ ಕತ್ತರಿಸಿದ್ದು, ಮೇಲೆ ಬರೆದ ಸಾಲು, ಒಂಬತ್ತನೆಯ ಚಿತ್ರ. ಅವನು ಏನೂ ಮಾತಾಡಲಿಲ್ಲ. ಒಳಗೆ ಹೋಗಿ ಕಾಫಿ ತರಲು ಹೇಳಿದ.

ಅಜ್ಜಿಗೆ ಪ್ರಿಂಟ್ ತೋರಿಸಿ, "ಅಮ್ಮಾ, ನಿಮ್ಮನ್ನ ಕೇಳದೆ ಎಲ್ಲರಿಗೂ ತೋರಿಸಿದೆ. ನನ್ನದು ತಪ್ಪಾಯ್ತು" ಅಂದೆ. ಅವರು ಫೋಟೊವನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಮುಖ ಸಿಂಡರಿಸಿಕೊಂಡು, "ಒಂದು ಮಾತು ಹೇಳಿದ್ರೆ ಬೇರೆ ಸೀರೆ ಉಟ್ಕೊಂಡು ಬರ್ತಿರ್ಲಿಲ್ವೇನೋ ಮಾರಾಯ. ಇದು ಕೊಟ್ಟಿಗೆ ಕೆಲಸದ ಸೀರೆ. ಊರೆಲ್ಲ ನೋಡ್ತಲ್ಲ" ಅಂದರು.

ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಅವರು ಒಳಗೆ ಹೋಗಿ ಸೀರೆ ಬದಲಿಸಿ ಬಂದಿದ್ದರು. ಹಸಿರು ಸೀರೆ, ಕಿವಿಗೆ ಓಲೆ, ತಲೆಗೆ ಎಣ್ಣೆ. ಜಗಲಿಯ ಮೇಲೆ ಕುರ್ಚಿ ಹಾಕಿಸಿ ಕೂತರು. ಮಗ, ಸೊಸೆ ಹಿಂದೆ ನಿಂತರು. ಎರಡೂ ಕೈ ಮೊಣಕಾಲ ಮೇಲೆ, ಬೆನ್ನು ನೆಟ್ಟಗೆ, ಮುಖ ಬಿಗಿ. ಬೆಳಕು ಸರಿಯಿರಲಿಲ್ಲ, ಹಿಂದೆ ಒಣಹಾಕಿದ ಟವೆಲ್ ಕಾಣುತ್ತಿತ್ತು. ಟವೆಲ್ ಕತ್ತರಿಸಬೇಕು ಎಂದು ಕೈ ಹೋಯಿತು, ಕೇಳಿದೆ. "ಇರ್ಲಿ ಬಿಡು" ಅಂದರು.

ಹಳೆಯ ಫೋಟೊ ಈಗಲೂ ಆಗೊಮ್ಮೆ ಈಗೊಮ್ಮೆ ಯಾವುದೋ ಗುಂಪಿನಲ್ಲಿ, ಅಮ್ಮಂದಿರ ದಿನಕ್ಕೋ ಇನ್ನೊಂದಕ್ಕೋ, ಯಾರದೋ ಕಣ್ಣೀರಿನ ಸಾಲು ಹೊತ್ತು ತೇಲಿ ಬರುತ್ತದೆ. ನೋಡಿದಾಗಲೆಲ್ಲ ಬರೆಯುತ್ತೇನ, ತೆಗೆಸುತ್ತೇನೆ. ಅದಕ್ಕೆ ಕೊನೆ ಇದ್ದಂತೆ ಕಾಣುವುದಿಲ್ಲ. ಹೊಸ ಫೋಟೊಗೆ ಫ್ರೇಮು ಹಾಕಿಸಿ ಕೊಟ್ಟೆ. ಅವರ ನಡುಮನೆಯಲ್ಲಿ ಕ್ಯಾಲೆಂಡರಿನ ಪಕ್ಕ ತೂಗುತ್ತಿದೆ. ಫೋಟೊ ಎಂದು ನೋಡಿದರೆ ಅದರಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಅದಕ್ಕೆ ನನ್ನ ಹೆಸರೂ ಹಾಕಿಲ್ಲ. ಅದು ಅವರು ತೆಗೆಸಿಕೊಂಡ ಫೋಟೊ.